ಅಪ್‌ಡೇಟ್: ಕ್ಲೋಜರ್ ಮ್ಯಾಪ್‌ನ ಕೀಗಳ ಕ್ರಮ ಉಳಿಸುವ ದಾರಿ ಸಿಕ್ಕಿತು

ಕ್ಲೋಜರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಪದಗಳ ಎಣಿಕೆಯಿದ್ದ ಮ್ಯಾಪ್‌ಗೆ (ಕೀ ಮತ್ತು ಮೌಲ್ಯದ ಜೋಡಿಗಳ ಸಂಗ್ರಹ; ಇಲ್ಲಿ ಪದವೇ ಕೀ) ಪ್ರತಿ ಜೋಡಿಯನ್ನೂ ಮಾರ್ಪಡಿಸಲು `ಮ್ಯಾಪ್` ಫಂಕ್ಷನ್ ಅನ್ವಯಿಸಿದಾಗ ಜೋಡಿಗಳ ಸೀಕ್ವೆನ್ಸ್ (ಸಾಲು) ಬರುತ್ತದೆ, ಅದನ್ನು ಕೀಗಳ ಅಕಾರಾದಿ ಕ್ರಮದಲ್ಲಿರುವ ಮ್ಯಾಪ್ ಆಗಿಸುವುದು ಹೇಗೆ ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಸೇರಿಸಿದ ಕ್ರಮವನ್ನೇ ಉಳಿಸುವ `ಅರೇ-ಮ್ಯಾಪ್` ಬಳಸುವ ಸಲಹೆ ನನಗೆ ಒದಗಲಿಲ್ಲ. ಎಂಟು ಕೀಗಳವರೆಗೆ ಸರಿಯಿದ್ದದ್ದು, ಜೋಡಿ ಸೇರಿಸುವ `ಅಸೋಕ್` ಫಂಕ್ಷನ್ ಮೂಲಕ ಒಂಬತ್ತನೆಯದನ್ನು ಸೇರಿಸಿದೊಡನೆ ಕ್ರಮದ ಖಾತ್ರಿಯಿಲ್ಲದ ಹ್ಯಾಶ್-ಮ್ಯಾಪ್ ಆಗಿ, ಕ್ರಮ ಚದುರಿತು. 1.11ನೇ ಆವೃತ್ತಿಯಲ್ಲಿ ಬಂದ, ಮ್ಯಾಪ್‌ನ ಎಲ್ಲ ಮೌಲ್ಯಗಳನ್ನೂ ಮಾರ್ಪಡಿಸುವ `ಅಪ್‌ಡೇಟ್-ವಾಲ್ಸ್` ಬಹಳ ಅಚ್ಚುಕಟ್ಟಾಗಿದೆ, ಆದರೆ ಅಚ್ಚರಿಯ ಸಂಗತಿಯೆಂದರೆ ಅದಕ್ಕೆ `ಸಾರ್ಟೆಡ್-ಮ್ಯಾಪ್` (ಕೀಗಳನ್ನು ಸದಾ ಕ್ರಮದಲ್ಲಿಡುವ ಮ್ಯಾಪ್) ಕೊಟ್ಟರೂ ಮರಳುವುದು ಸಾಮಾನ್ಯ ಮ್ಯಾಪ್. ಸಾರ್ಟೆಡ್-ಮ್ಯಾಪ್‌ಗೆ ಟ್ರಾನ್ಸಿಯೆಂಟ್ ರೂಪ (ಕಟ್ಟುವಾಗ ತಾತ್ಕಾಲಿಕವಾಗಿ ಬದಲಾಯಿಸಬಹುದಾದ ರೂಪ) ಇಲ್ಲದ ಕಾರಣ ಫಲಿತಾಂಶವನ್ನು ಖಾಲಿ ಸಾಮಾನ್ಯ ಮ್ಯಾಪ್‌ನಿಂದ ಕಟ್ಟಲಾಗುತ್ತದೆ.

ಕೊನೆಗೆ ಕೆಲಸ ಮಾಡಿದ್ದು ಮೊದಲ ಉತ್ತರವೇ: ಜೋಡಿಗಳನ್ನು `ಇಂಟೂ` ಫಂಕ್ಷನ್ ಮೂಲಕ ಖಾಲಿ `ಸಾರ್ಟೆಡ್-ಮ್ಯಾಪ್`ಗೆ ಸುರಿಯುವುದು. ಈಗ "ಕಡಲು", "ಮರ", "ಹಕ್ಕಿ" ಪ್ರತಿಸಲವೂ ಅದೇ ಸಾಲಿನಲ್ಲಿ ಬರುತ್ತಿವೆ.