ಪದಚರ್ಚೆ: ‘ಫ್ರೀಜ್ ಪೇನ್ಸ್’ಗೆ ಕನ್ನಡದಲ್ಲಿ ಏನೆನ್ನೋಣ? (ಸಂಜೆ ಐದರೊಳಗೆ ಬೇಕು)

ಅಚ್ಚುಮೊಳೆ, ಬೆಳಿಗ್ಗೆ 10:40

ಬಲ್ಲವರು ದಯವಿಟ್ಟು ಬೇಗ ಹೇಳಿ. ತಾಲ್ಲೂಕು ಕಚೇರಿಗಳ ಕಂಪ್ಯೂಟರ್ ಪಕ್ಕ ಅಂಟಿಸಲು ಎಕ್ಸೆಲ್ ಸಲಹೆಗಳ ಅರ್ಧ ಹಾಳೆಯೊಂದು ಇವತ್ತು ಅಚ್ಚಿಗೆ ಹೋಗಬೇಕು. ಹೊತ್ತು ಉಳಿಸುವ ಹತ್ತು ಸಲಹೆ, ಒಂದೊಂದಕ್ಕೂ ಒಂದೇ ಸಾಲು. ಮೂರರಲ್ಲಿ ಪದ ಸಿಕ್ಕುತ್ತಿಲ್ಲ. ಕರಡಿನಲ್ಲಿ ಈಗಿರುವುದು ಹೀಗೆ:

ಫ್ರೀಜ್ ಪೇನ್ಸ್: ಫಲಕಗಳನ್ನು ಹೆಪ್ಪುಗಟ್ಟಿಸಿ
ಫಿಲ್ ಹ್ಯಾಂಡಲ್: ತುಂಬು ಹಿಡಿಕೆ
ಪೇಸ್ಟ್ ಸ್ಪೆಷಲ್, ವ್ಯಾಲ್ಯೂಸ್: ವಿಶೇಷ ಅಂಟಿಸು, ಮೌಲ್ಯಗಳು

ಮೂರಕ್ಕೂ ಯಂತ್ರಾನುವಾದದ ವಾಸನೆ. ಜೊತೆಗೆ, ಕಾಲಂ ಎನ್ನುವುದೋ ಕಂಬಸಾಲು ಎನ್ನುವುದೋ?

ಕಡ್ಡಿಮುರಿ, 10:58

ಹೆಪ್ಪು ಹಾಕುವುದು ಹಾಲಿಗೆ, ಹೆಪ್ಪುಗಟ್ಟುವುದು ರಕ್ತ. ಹಾಳೆಗೆ ಬೇಡ. ‘ತುಂಬು ಹಿಡಿಕೆ’ ಇನ್ನೂ ಕೆಟ್ಟದ್ದು. ನಾಮಪದಕ್ಕೆ ಮೊದಲು ಬಂದ ‘ತುಂಬು’ ಕ್ರಿಯಾಪದವಾಗಿ ಉಳಿಯುವುದಿಲ್ಲ: ತುಂಬು ಹೊಳೆ, ತುಂಬು ಬಸುರಿ, ತುಂಬು ತೋಳಿನ ರವಿಕೆ. ಓದಿದವರು ತುಂಬಿದ ಹಿಡಿಕೆ ಎಂದೇ ತಿಳಿಯುತ್ತಾರೆ. ಫ್ರೀಜ್‌ಗೆ ‘ಸ್ಥಿರಗೊಳಿಸಿ’ ಎಂದು ಹಾಕಿ, ಮುಗಿಯಿತು.

ಅಚ್ಚಗನ್ನಡ, 11:15

> ‘ಸ್ಥಿರಗೊಳಿಸಿ’ ಎಂದು ಹಾಕಿ, ಮುಗಿಯಿತು.

ಮುಗಿಯಲಿಲ್ಲ. ಇಂಗ್ಲಿಷಿನಿಂದ ಬಿಡಿಸಿಕೊಂಡು ಸಂಸ್ಕೃತಕ್ಕೆ ಬೀಳುವುದು ಯಾವ ಜಾಣತನ? ದನ ಕದಲದಂತೆ ಕಟ್ಟಲು ನಮ್ಮಲ್ಲಿ ಗೂಟವಿದೆ. ‘ಗೂಟಸಾಲು’ ಎನ್ನಿ, ನಾಲ್ಕೇ ಅಕ್ಷರ. ವ್ಯಾಲ್ಯೂಗೆ ‘ಬೆಲೆ’ ಇದೆ. ಕಾಲಂ ಬೇಡವೇ ಬೇಡ, ‘ಕಂಬಸಾಲು’ ಗಣಿತದ ಪಠ್ಯದಲ್ಲೇ ಇದೆ.

ಲೆಕ್ಕಿಗ, 11:52

ಗೂಟ ಅಂದರೆ ಕಚೇರಿಯವರಿಗೆ ಗೂಟದ ಕಾರು ನೆನಪಾಗುತ್ತದೆ, ಸಾಹೇಬರು ಬಂದರೆಂದು ಎದ್ದು ನಿಂತಾರು. ‘ಬೆಲೆ’ ಅಪಾಯದ್ದು. ದಾಸ್ತಾನು ಪಟ್ಟಿಯಲ್ಲಿ ಬೆಲೆಯ ಕಾಲಂ ಬೇರೆ ಇರುತ್ತದೆ. ‘ಬೆಲೆ ಅಂಟಿಸಿ’ ಅಂದರೆ ಅದನ್ನೇ ಅಂಟಿಸುತ್ತಾರೆ.

‘ಸ್ಥಿರ’ ನನಗೂ ಬೇಡ, ಆದರೆ ಕಾರಣ ಸಂಸ್ಕೃತವಲ್ಲ. ಸೂತ್ರ ಬರೆಯುವಾಗ ಎಫ್4 ಒತ್ತಿದರೆ ಸೆಲ್ ವಿಳಾಸಕ್ಕೆ ಡಾಲರ್ ಗುರುತು ಕೂರುತ್ತದಲ್ಲ, ನಕಲು ಮಾಡಿದರೂ ಬದಲಾಗದ ವಿಳಾಸ, ‘ಸ್ಥಿರ’ ಅದಕ್ಕೆ ಬೇಕು. ಒಂದೇ ಹಾಳೆಯಲ್ಲಿ ಎರಡಕ್ಕೂ ಒಂದೇ ಪದ ಹಾಕಿದರೆ ಇವರು ಡಾಲರ್ ಹುಡುಕಿಕೊಂಡು ವ್ಯೂ ಟ್ಯಾಬಿಗೆ ಹೋಗುತ್ತಾರೆ.

ಪದ ಹುಡುಕುವ ಮೊದಲು ಆ ಗುಂಡಿ ಏನು ಮಾಡುತ್ತದೆಂದು ನೋಡೋಣ. ಹಾಳೆ ಮೇಲೆ ಕೆಳಗೆ ಸರಿಯುವಾಗ ತಲೆಸಾಲು ಕಣ್ಣೆದುರು ಉಳಿಯುತ್ತದೆ, ಅಷ್ಟೇ. ಅದನ್ನು ತಿದ್ದಬಹುದು, ಅಳಿಸಬಹುದು. ಫ್ರೀಜ್ ಮಾಡಿದರೆ ಯಾರೂ ತಿದ್ದಲಾರರು ಎಂದುಕೊಂಡವರು ಬಹಳ ಮಂದಿ; ಆ ಕೆಲಸ ರಿವ್ಯೂ ಟ್ಯಾಬಿನ ಪ್ರೊಟೆಕ್ಟ್ ಶೀಟ್‌ನದ್ದು. ‘ಸ್ಥಿರ’, ‘ಹೆಪ್ಪು’, ‘ಗೂಟ’ ಮೂರೂ ಈ ತಪ್ಪನ್ನು ಹೆಚ್ಚಿಸುತ್ತವೆ. ‘ತಲೆಸಾಲು ಸದಾ ಕಾಣಲಿ’ ಎಂಬರ್ಥದ ಮಾತು ಬೇಕು. ‘ನಿಲ್ಲಿಸಿ’ ಹಾಕಬೇಡಿ, ಬಸ್ಸನ್ನೂ ನಿಲ್ಲಿಸುತ್ತಾರೆ, ಸಂಬಳವನ್ನೂ ನಿಲ್ಲಿಸುತ್ತಾರೆ.

ಸಾಲಿನಲ್ಲಿ ಹೇಳಬೇಕಾದ ಇನ್ನೊಂದು ವಿಷಯ ಕರ್ಸರ್ ಎಲ್ಲಿರಬೇಕೆಂಬುದು. ಆಯ್ದ ಸೆಲ್ಲಿನ ಮೇಲಿನ ಸಾಲುಗಳೂ ಎಡಗಡೆಯ ಕಾಲಂಗಳೂ ಉಳಿಯುತ್ತವೆ. ಒಂದನೇ ಸಾಲು ಶೀರ್ಷಿಕೆ, ‘ಎ’ ಕ್ರಮಸಂಖ್ಯೆ, ‘ಬಿ’ ಹೆಸರು ಎಂದಿಟ್ಟುಕೊಳ್ಳಿ. ಸಿ2ರಲ್ಲಿ ಕ್ಲಿಕ್ ಮಾಡಿ ಆಲ್ಟ್ ಒತ್ತಿ ಬಿಟ್ಟು ಡಬ್ಲ್ಯೂ, ಎಫ್, ಎಫ್ ಒತ್ತಿದರೆ ಮೂರೂ ಕಣ್ಣೆದುರು ಇರುತ್ತವೆ. ಎ1ರಲ್ಲಿದ್ದು ಒತ್ತಿದರೆ ಪರದೆಯ ನಟ್ಟನಡುವೆ ಗೆರೆ ಬೀಳುತ್ತದೆ. ಹಾಳೆ ಕೆಳಕ್ಕೆ ಸರಿದಿರುವಾಗ ಒತ್ತಿದರೆ ಮೇಲೆ ಮರೆಯಾದ ಸಾಲುಗಳಿಗೆ ಸರಿದು ಹೋಗಲು ಆಗುವುದೇ ಇಲ್ಲ, ‘ಡೇಟಾ ಹೋಯ್ತು’ ಎಂಬ ಫೋನು ಆಗ ಬರುತ್ತದೆ. ಆದ್ದರಿಂದ ಮೊದಲು ಕಂಟ್ರೋಲ್ + ಹೋಮ್.

ಇದು ಪರದೆಗೆ ಮಾತ್ರ, ಮುದ್ರಣಕ್ಕಲ್ಲ. ಪ್ರತಿ ಪುಟದ ತಲೆಯಲ್ಲೂ ಶೀರ್ಷಿಕೆ ಬರಬೇಕಾದರೆ ಪೇಜ್ ಲೇಔಟ್ ಟ್ಯಾಬಿನ ಪ್ರಿಂಟ್ ಟೈಟಲ್ಸ್. ಪ್ರಿಂಟ್ ಪರದೆಯಿಂದ ಪೇಜ್ ಸೆಟಪ್ ತೆರೆದರೆ ಆ ಖಾನೆ ಮಂಕಾಗಿರುತ್ತದೆ, ಅಲ್ಲಿಂದ ಪ್ರಯತ್ನಿಸಬೇಡಿ.

ಅಚ್ಚುಮೊಳೆ, 12:05

ಬಹಳ ಉಪಕಾರವಾಯಿತು ಸಾರ್. ಉಳಿದೆರಡು?

ಲೆಕ್ಕಿಗ, 12:21

ಫಿಲ್ ಹ್ಯಾಂಡಲ್‌ಗೆ ‘ಹಿಡಿ’ ಸಾಕು. ಪೊರಕೆಯ ಹಿಡಿ, ಕುಡುಗೋಲಿನ ಹಿಡಿ ಇದ್ದಂತೆ ಸೆಲ್ಲಿನ ಬಲ ಕೆಳಮೂಲೆಯ ಹಿಡಿ. ಮೌಸ್ ಅಲ್ಲಿಗೆ ಹೋದಾಗ ದಪ್ಪ ಬಿಳಿ ಕೂಡು ಗುರುತು ತೆಳ್ಳಗಿನ ಕರಿಯದಾಗುತ್ತದೆ, ಆಮೇಲೆ ಡಬಲ್ ಕ್ಲಿಕ್. ಪಕ್ಕದ ಕಾಲಂ ತುಂಬಿರುವಷ್ಟು ದೂರ ತಾನೇ ಇಳಿಯುತ್ತದೆ. ನಡುವೆ ಇಡೀ ಸಾಲು ಖಾಲಿಯಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಕ್ರಮಸಂಖ್ಯೆಗೆ ಒಂದೇ ‘1’ ಬರೆದು ಇಳಿಸಿದರೆ ಕೊನೆವರೆಗೂ ಒಂದೇ. 1, 2 ಎರಡನ್ನೂ ಬರೆದು, ಎರಡನ್ನೂ ಆಯ್ದು ಇಳಿಸಬೇಕು.

ಪೇಸ್ಟ್ ವ್ಯಾಲ್ಯೂಸ್: ‘ಸೂತ್ರ ಬಿಟ್ಟು ಉತ್ತರ ಅಂಟಿಸಿ’. ಶಾಲೆಯ ಲೆಕ್ಕದಲ್ಲಿ ‘ಉತ್ತರ’ ಅಂದದ್ದೇ ಇದು. ಕಂಟ್ರೋಲ್ + ಸಿ, ಆಮೇಲೆ ಕಂಟ್ರೋಲ್ + ಆಲ್ಟ್ + ವಿ, ಆಮೇಲೆ ವಿ, ಎಂಟರ್. ಇದನ್ನು ಮಾಡದೆ ಮೂಲ ಕಾಲಂ ಅಳಿಸಿದರೆ ಉತ್ತರದ ಜಾಗದಲ್ಲೆಲ್ಲ ‘ರೆಫ್’ ದೋಷ ಏಳುತ್ತದೆ.

ತೊಲೆಗಂಬ, 12:40

ಕಾಲಂ ವಿಷಯ ಯಾರೂ ಸರಿಯಾಗಿ ಮುಟ್ಟಿಲ್ಲ. ‘ಅಂಕಣ’ ಇರುವಾಗ ಕಂಬಸಾಲು ಯಾಕೆ? ಎರಡು ಕಂಬಗಳ ನಡುವಿನ ಜಾಗ ಅಂಕಣ. ಹಳ್ಳಿಗಳಲ್ಲಿ ಮನೆ ಅಳೆಯುವುದೇ ಹಾಗೆ: ಮೂರಂಕಣದ ಮನೆ, ಐದಂಕಣದ ಮನೆ. ಎಕ್ಸೆಲ್ ಹಾಳೆಯಲ್ಲಿ ನಾವು ಬರೆಯುವುದು ಗೆರೆಯ ಮೇಲಲ್ಲ, ಎರಡು ಗೆರೆಗಳ ನಡುವೆ. ಇಂಗ್ಲಿಷಿನವರು ಕಂಬ ಎಂದರು. ಪತ್ರಿಕೆಯವರು ಕನ್ನಡಕ್ಕೆ ತರುವಾಗ ಕಂಬ ಬಿಟ್ಟು ನಡುವಿನ ಜಾಗವನ್ನೇ ಹಿಡಿದರು. ಇದಕ್ಕಿಂತ ಕರಾರುವಾಕ್ಕಾದ ಪದ ಇನ್ನೊಂದಿಲ್ಲ.

ಅಚ್ಚಗನ್ನಡ, 12:49

ಅಂಕಣ ಸಂಸ್ಕೃತದ ‘ಅಂಕ’ದಿಂದ ಬಂದದ್ದು. ಅಂಕಿ ಬರೆಯುವ ಜಾಗ. ಬೇಡ.

ತೊಲೆಗಂಬ, 1:10

ಕಿವಿಗೆ ಕೇಳಿದ್ದೆಲ್ಲ ವ್ಯುತ್ಪತ್ತಿಯಲ್ಲ. ಕಿಟೆಲ್ಲರ 1894ರ ಕೋಶ ತೆಗೆದು ನೋಡಿ, ಎರಡು ತೊಲೆ ಅಥವಾ ಕಂಬಗಳ ನಡುವಿನ ಜಾಗ ಎಂದೇ ಇದೆ. ತೆಲುಗಿನ ‘ಅಂಕಣಮು’ ಕೂಡ ಅದೇ. ಮನೆ ಕಟ್ಟುವವರು ತೊಲೆಗಳ ನಡುವೆ ಅಂಕಿ ಬರೆಯುತ್ತಿದ್ದರೇ? ಇನ್ನು ತಮ್ಮ ಅಚ್ಚಗನ್ನಡದ ‘ಕಂಬ’: ಸ್ತಂಭದ ತದ್ಭವವೆಂದು ಶಾಲೆಯ ವ್ಯಾಕರಣದಲ್ಲೇ ಉರು ಹೊಡೆಸುತ್ತಾರೆ.

ಅಚ್ಚಗನ್ನಡ, 1:16

ತದ್ಭವ ನಮ್ಮದು. ನಾಲಗೆಗೆ ಒಗ್ಗಿಸಿಕೊಂಡದ್ದು ನಮ್ಮದೇ.

ಕಡ್ಡಿಮುರಿ, 1:20

ಹಾಗಾದರೆ ‘ಕಾಲಂ’ ಯಾಕಲ್ಲ? ಪಹಣಿಯಲ್ಲಿ ಮಾಲೀಕನ ಹೆಸರು ‘ಕಾಲಂ 9’, ಋಣ ‘ಕಾಲಂ 11’. ಶಾಲೆಯ ಮುಖ ನೋಡದ ರೈತನೂ ‘ಒಂಬತ್ತನೇ ಕಾಲಮ್ಮಲ್ಲಿ ಅಣ್ಣನ ಹೆಸರೈತೆ’ ಎನ್ನುತ್ತಾನೆ. ಇದಕ್ಕಿಂತ ಒಗ್ಗಬೇಕೆ? ಆ ‘ಪಹಣಿ’ ಮರಾಠಿಯ ‘ಪಾಹಣೀ’, ತಹಶೀಲ್ದಾರ್ ಪಾರಸಿ ಕಡೆಯಿಂದ ಬಂದವರು, ಅವರು ಕೂರುವ ‘ಕಚೇರಿ’ಯೂ ಬಡಗಣದಿಂದ ಬಂದದ್ದು. ಮೊದಲು ಅವರನ್ನೆಲ್ಲ ಎಬ್ಬಿಸಿ, ಆಮೇಲೆ ಕಾಲಂ ಕೀಳೋಣ.

ತೊಲೆಗಂಬ, 1:31

ಇರುವ ಎರವಲು ಬೇರೆ, ಪದ ಇರುವಾಗ ಹೊಸದಾಗಿ ತರುವುದು ಬೇರೆ. ಮೊದಲಿನದು ಬಳಕೆ, ಎರಡನೆಯದು ಸೋಮಾರಿತನ.

ಅಚ್ಚಗನ್ನಡ, 1:34

ಎರಡೂ ಸೋಮಾರಿತನ.

ಲೆಕ್ಕಿಗ, 2:05

ಅಂಕಣ ಒಳ್ಳೆಯ ಪದ, ಒಪ್ಪಿದೆ. ಆದರೆ ಈ ಹಾಳೆ ಓದುವವರು ದಿನವಿಡೀ ಪಹಣಿ ನೋಡುವವರು, ಅಂಕಣ ಅಂದರೆ ಪತ್ರಿಕೆಯ ಬರಹ ಅಂದುಕೊಳ್ಳುತ್ತಾರೆ. ಮೆನುವಿನಲ್ಲಿ ಕಾಣುವುದು ಇಂಗ್ಲಿಷ್, ಹುಡುಕಬೇಕಾದದ್ದೂ ಅದನ್ನೇ. ಆದ್ದರಿಂದ ಗುಂಡಿಯ ಹೆಸರು ಇದ್ದಂತೆ ಕನ್ನಡ ಲಿಪಿಯಲ್ಲಿ, ಅದು ಮಾಡುವ ಕೆಲಸ ಕನ್ನಡದಲ್ಲಿ. ಹೆಸರು ಅನುವಾದಿಸಲು ಹೋದದ್ದರಿಂದಲೇ ಹೆಪ್ಪು, ಗೂಟ ಎಲ್ಲ ಬಂದದ್ದು.

ಅಚ್ಚುಮೊಳೆ, 3:30

ಅಚ್ಚಿಗೆ ಹೋಗುವ ರೂಪ:

ತಲೆಸಾಲು ಸದಾ ಕಾಣಲು: ಕಂಟ್ರೋಲ್ + ಹೋಮ್, ಸಿ2 ಕ್ಲಿಕ್, ವ್ಯೂ, ಫ್ರೀಜ್ ಪೇನ್ಸ್
ಸೂತ್ರ ಕೊನೆವರೆಗೆ ಇಳಿಸಲು: ಸೆಲ್ಲಿನ ಬಲ ಕೆಳಮೂಲೆಯ ಹಿಡಿ, ಡಬಲ್ ಕ್ಲಿಕ್
ಸೂತ್ರ ಬಿಟ್ಟು ಉತ್ತರ ಅಂಟಿಸಲು: ಕಂಟ್ರೋಲ್ + ಆಲ್ಟ್ + ವಿ, ವಿ, ಎಂಟರ್

ಕಾಲಂ ಕಾಲಮ್ಮಾಗಿಯೇ ಉಳಿಯಿತು. ತೊಲೆಗಂಬದವರು ಕ್ಷಮಿಸಬೇಕು.

ತೊಲೆಗಂಬ, 3:41

ಕ್ಷಮಿಸಲಾಗದು, ಆದರೂ ‘ಹಿಡಿ’ ಚೆನ್ನಾಗಿದೆ.

ಅಚ್ಚಗನ್ನಡ, 3:44

‘ಸೂತ್ರ’, ‘ಉತ್ತರ’, ‘ಸದಾ’. ಮೂರು ಸಾಲಲ್ಲಿ ಮೂರು ಸಂಸ್ಕೃತ. ‘ಸದಾ’ ಬದಲು ‘ಯಾವಾಗಲೂ’ ಹಾಕಲು ಏನು ಕಷ್ಟ?

ಲೆಕ್ಕಿಗ, 3:52

ಜಾಗ ಸಾಲದು. ಅಚ್ಚುಮೊಳೆಯವರೇ, ‘ಸಿ2’ ಇರುವಲ್ಲಿ ‘ಸಿ’ಯನ್ನು ಮಾತ್ರ ಪರದೆಯಲ್ಲಿರುವಂತೆ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ, 2ನ್ನು ಕನ್ನಡ ಅಂಕಿಗೆ ತಿರುಗಿಸಬೇಡಿ. ಪ್ರೂಫ್‌ನಲ್ಲಿ ಅದನ್ನೊಂದು ನೋಡಿಬಿಡಿ.