ಫ್ಯಾಮಿಲಿ ವಾಕಿಟಾಕಿಗೆ ಲೈಸೆನ್ಸ್ ಬೇಕಾ?

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನಲ್ಲಿ. ರಜೆಗೆ ಎರಡು ಕಾರಿನಲ್ಲಿ ಯೆಲ್ಲೋಸ್ಟೋನ್‌ಗೆ ಹೊರಟಿದ್ದೇವೆ. ಒಂದರಲ್ಲಿ ನಾವು ಮತ್ತು ಅತ್ತೆ-ಮಾವ, ಇನ್ನೊಂದರಲ್ಲಿ ಗೆಳೆಯನ ಸಂಸಾರ. ಅಲ್ಲಿ ಬಹಳ ಕಡೆ ಮೊಬೈಲ್ ಸಿಗ್ನಲ್ ಇಲ್ಲವಂತೆ. ಕೊಂಡ ವಾಕಿಟಾಕಿ ಡಬ್ಬದ ಮೇಲೆ ಜಿಎಂಆರ್‌ಎಸ್ ಅಂತಿದೆ. ಲೈಸೆನ್ಸ್ ಬೇಕಾ? ಪರೀಕ್ಷೆ ಇರುತ್ತಾ? ನನ್ನದು ಎಚ್‌-1ಬಿ ವೀಸಾ.

ಉತ್ತರ (ರೇಡಿಯೊ ತಂತ್ರಜ್ಞ): ಪರೀಕ್ಷೆ ಗಿರೀಕ್ಷೆ ಏನಿಲ್ಲ, ಅದೆಲ್ಲ ಹ್ಯಾಮ್‌ನವರಿಗೆ, ಅಂದರೆ ಹವ್ಯಾಸಿ ರೇಡಿಯೊದವರಿಗೆ. ಆದರೆ ಜಿಎಂಆರ್‌ಎಸ್ (ಜನಸಾಮಾನ್ಯರು ಬಳಸುವ ಒಂದು ರೇಡಿಯೊ ಸೇವೆ) ಸೆಟ್‌ಗೆ ಲೈಸೆನ್ಸ್ ಬೇಕೇ ಬೇಕು. ಎಫ್‌ಸಿಸಿ (ಅಮೆರಿಕದ ಸಂಪರ್ಕ ಆಯೋಗ) ವೆಬ್‌ಸೈಟಿನಲ್ಲಿ ಎಫ್‌ಆರ್‌ಎನ್ ಎಂಬ ನೋಂದಣಿ ನಂಬರ್ ಪಡೆದು, ಅರ್ಜಿ ಹಾಕಿ 35 ಡಾಲರ್ ಕಟ್ಟಿ. 2022ರ ಏಪ್ರಿಲ್‌ವರೆಗೆ 70 ಇತ್ತು. 10 ವರ್ಷ ನಡೆಯುತ್ತದೆ. 18 ತುಂಬಿರಬೇಕು, ಅಮೆರಿಕದ ಪೌರರೇ ಆಗಬೇಕೆಂದಿಲ್ಲ.

ಒಂದೇ ಲೈಸೆನ್ಸಿನಲ್ಲಿ ನಿಮ್ಮ ಮನೆಯವರೆಲ್ಲ ಮಾತಾಡಬಹುದು. ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು, ಚಿಕ್ಕಪ್ಪ, ಅತ್ತೆ-ಮಾವ ಕೂಡ. ನಮ್ಮ ಅವಿಭಕ್ತ ಕುಟುಂಬಕ್ಕೇ ಬರೆದಂತಿದೆ, ಅಲ್ವಾ? ಗೆಳೆಯ ಮಾತ್ರ ಎಷ್ಟೇ ಆಪ್ತನಾದರೂ ಆ ಪಟ್ಟಿಯಲ್ಲಿಲ್ಲ.

ಪ್ರಶ್ನೆ: ಹಾಗಾದರೆ ಅವನೂ 35 ಡಾಲರ್ ಕಟ್ಟಬೇಕಾ?

ಉತ್ತರ: ಬೇಡ, ಅವರಿಗೆ ಎಫ್‌ಆರ್‌ಎಸ್ (ಕಡಿಮೆ ಪವರ್‌ನ ಫ್ಯಾಮಿಲಿ ರೇಡಿಯೊ) ಸೆಟ್ ಕೊಡಿಸಿ. ಅದಕ್ಕೆ ಲೈಸೆನ್ಸೇ ಬೇಡ, ಚಾನೆಲ್‌ಗಳೂ ಎರಡಕ್ಕೂ ಒಂದೇ, ಆರಾಮಾಗಿ ಮಾತಾಡಬಹುದು. ಕೊಳ್ಳುವಾಗ ಆಂಟೆನಾ ನೋಡಿ. ಎಫ್‌ಆರ್‌ಎಸ್‌ನಲ್ಲಿ ಅದು ಸೆಟ್‌ಗೇ ಅಂಟಿಕೊಂಡಿರುತ್ತದೆ, ತಿರುಗಿಸಿ ಬಿಚ್ಚಲು ಬರುವಂತಿದ್ದರೆ ಅದು ಎಫ್‌ಆರ್‌ಎಸ್ ಅಲ್ಲ. ಪವರ್ ಹೆಚ್ಚೆಂದರೆ 2 ವಾಟ್, 8ರಿಂದ 14ನೇ ಚಾನೆಲ್‌ನಲ್ಲಿ ಬರೀ ಅರ್ಧ ವಾಟ್. ಆ ಏಳನ್ನು ಬಿಟ್ಟು ಬೇರೆ ಯಾವುದಾದರೂ ಇಟ್ಟುಕೊಳ್ಳಿ. ಡಬ್ಬದ ಮೇಲೆ 35 ಮೈಲಿ ಅಂತ ಬರೆದಿದ್ದರೆ ನಂಬಬೇಡಿ. ಕಾಡು, ಗುಡ್ಡದ ನಡುವೆ ಒಂದೆರಡು ಮೈಲಿ ಸಿಕ್ಕರೆ ಜಾಸ್ತಿ.

ಇನ್ನೊಂದು, ನಿಮ್ಮ ಕಡೆಯವರು ಮಾತು ಮುಗಿಸುವಾಗ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಸಂಕೇತ) ಹೇಳಬೇಕು. ಮಾತು ಉದ್ದವಾದರೆ 15 ನಿಮಿಷಕ್ಕೊಮ್ಮೆಯಾದರೂ ಹೇಳಬೇಕು. ಅತ್ತೆಯವರಿಗೂ ಬಾಯಿಪಾಠ ಮಾಡಿಸಿಬಿಡಿ.

ಪ್ರಶ್ನೆ: ಆಮೇಲೆ ಈ ಸೆಟ್‌ಗಳನ್ನು ಊರಿಗೆ ಒಯ್ದು ತೋಟದಲ್ಲಿ ಬಳಸಬಹುದಾ? ತೀರ್ಥಹಳ್ಳಿ ಕಡೆ ನಮ್ಮದು.

ಉತ್ತರ: ಸುಮ್ನೆ ಒಯ್ಯಬೇಡಿ. ಇವು ಕೆಲಸ ಮಾಡುವುದು 462, 467 ಮೆಗಾಹರ್ಟ್ಸ್‌ನಲ್ಲಿ. ಭಾರತದಲ್ಲಿ ಇಂಥ ಚಿಕ್ಕ ಕೈಸೆಟ್‌ಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟಿರುವುದು 446.0ರಿಂದ 446.2. ತೋಟಕ್ಕೆ ಅಂತಹದ್ದನ್ನೇ ಅಲ್ಲೇ ಕೊಳ್ಳಿ. ಇಟಿಎ (ಉಪಕರಣಕ್ಕೆ ಸರ್ಕಾರ ಕೊಡುವ ಅನುಮೋದನೆ) ಸರ್ಟಿಫಿಕೇಟ್ ಇದೆಯಾ ಅಂತ ಅಂಗಡಿಯಲ್ಲಿ ಕೇಳಿ, ಬಿಲ್ ಇಟ್ಟುಕೊಳ್ಳಿ.