ಎಳೆಯ ಮಕ್ಕಳೊಂದಿಗೆ ಮುಂಬಯಿಯ ಕಡಲಂಚಿನ ದೊಡ್ಡ ಹೋಟೆಲಿನಲ್ಲಿ ಎರಡು ರಾತ್ರಿ: ಹೋಗಿ ಬಂದವರು ತಿಳಿಸುವಿರಾ?

ವಾಪಸಂದ್ರದ ಅಮ್ಮ

ನಾವು ಚಿಕ್ಕಬಳ್ಳಾಪುರದವರು. ಯಜಮಾನರದು ಹೂವಿನ ಮಂಡಿ. ದೊಡ್ಡವಳಿಗೆ ಐದು ವರ್ಷ, ಚಿಕ್ಕವನಿಗೆ ಒಂದೂವರೆ. ಬರುವ ಡಿಸೆಂಬರ್‌ಗೆ ನಮ್ಮ ಮದುವೆಯಾಗಿ ಹತ್ತು ವರ್ಷ ತುಂಬುತ್ತದೆ.

ಮದುವೆಯ ಹೊಸತರಲ್ಲಿ ಇವರು ಕೆಲಸದ ಮೇಲೆ ಮುಂಬಯಿಗೆ ಹೋಗಿದ್ದಾಗ ಗೇಟ್‌ವೇ ಆಫ್ ಇಂಡಿಯಾದ ಹತ್ತಿರ ನಿಂತು ನನಗೆ ಫೋನು ಮಾಡಿದ್ದರು. ಎದುರಿಗಿರುವ ತಾಜ್ ಮಹಲ್ ಪ್ಯಾಲೇಸ್ ಹೋಟೆಲನ್ನು ನೋಡುತ್ತಾ, "ಒಂದು ದಿನ ನಿನ್ನನ್ನು ಇಲ್ಲಿ ಉಳಿಸುತ್ತೇನೆ" ಎಂದಿದ್ದರು. ನಾನು ಆ ಮಾತನ್ನು ಮರೆತೇಬಿಟ್ಟಿದ್ದೆ. ಅವರು ಮರೆತಿರಲಿಲ್ಲ. ಎರಡು ವರ್ಷದಿಂದ ಸೇವಂತಿಗೆಗೆ ಒಳ್ಳೆಯ ಬೆಲೆ ಬಂದ ದಿನವೆಲ್ಲ ಒಂದಿಷ್ಟು ಎತ್ತಿಟ್ಟು, ಎರಡು ರಾತ್ರಿಗೆ ಬೇಕಾಗುವಷ್ಟು ಕೂಡಿಸಿದ್ದಾರೆ. ಕಳೆದ ವಾರ ಹೇಳಿದರು. ನನಗೆ ಸಂತೋಷಕ್ಕಿಂತ ಮೊದಲು ಭಯವಾಯಿತು.

ಚಿಕ್ಕವನು ಅಳತೊಡಗಿದರೆ ಬೀದಿಗೇ ಕೇಳಿಸುತ್ತದೆ. ಅವನಿಗೆ ರಾಗಿ ಸರಿ ಬಿಟ್ಟರೆ ಬೇರೇನೂ ಹಿಡಿಸುವುದಿಲ್ಲ. ದೊಡ್ಡವಳು ಒಂದು ಕಡೆ ಕೂರುವವಳಲ್ಲ. ಅತ್ತೆಯವರು, "ಮಕ್ಕಳಿಗೆ ಏನು ನೆನಪಿರುತ್ತದೆ? ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ" ಎನ್ನುತ್ತಾರೆ. ಮಕ್ಕಳನ್ನು ಅವರ ಬಳಿ ಬಿಟ್ಟು ಹೋಗಿ ಎಂದೂ ಹೇಳಿದ್ದಾರೆ, ಆದರೆ ನನಗೆ ಮನಸ್ಸಿಲ್ಲ. ನನ್ನ ಮಗಳು ಈವರೆಗೆ ನೋಡಿರುವ ಅತಿ ದೊಡ್ಡ ನೀರೆಂದರೆ ಕಂದವಾರ ಕೆರೆ.

ಅಂಥ ಹೋಟೆಲಿನಲ್ಲಿ ಎಳೆಯ ಮಕ್ಕಳೊಂದಿಗೆ ಉಳಿದವರು ಯಾರಾದರೂ ಇದ್ದೀರಾ? ಕೋಣೆ ಯಾವ ಕಡೆಗೆ ಕೇಳಬೇಕು? ಎಲಿಫೆಂಟಾಕ್ಕೆ ಹೋಗಬಹುದೇ? ಅಥವಾ ಮಕ್ಕಳು ದೊಡ್ಡವರಾಗುವವರೆಗೆ ಕಾಯುವುದೇ ಒಳ್ಳೆಯದೇ?

ಚಿಂತಾಮಣಿಯ ರೈತ

ತಂಗಿ, ನನ್ನ ಮಾತು ನಿಷ್ಠುರ ಎನಿಸಬಹುದು. ಕಾಯಿರಿ, ಇಲ್ಲವೇ ಸಾಧಾರಣ ಹೋಟೆಲಿನಲ್ಲಿ ಉಳಿಯಿರಿ. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಗೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ. ನೀವು ಹೇಳುವ ಹೋಟೆಲಿನ ಬಾಡಿಗೆ ಅದರ ಎಷ್ಟೋ ಪಟ್ಟು. ಗೇಟ್‌ವೇ ಮುಂದಿನ ಗಾಳಿಗೆ ಯಾರೂ ದುಡ್ಡು ಕೇಳುವುದಿಲ್ಲ. ಕೊಲಾಬಾದ ಒಳಗಲ್ಲಿಯ ಒಂದು ಸಣ್ಣ ಲಾಡ್ಜಿನಲ್ಲಿ ನಾವು ನಾಲ್ಕು ಜನ ಉಳಿದಿದ್ದೆವು. ಬೆಳಿಗ್ಗೆ ಸಂಜೆ ನಡೆದು ಹೋಗಿ ಅದೇ ನೀರನ್ನು ನೋಡಿ ಬಂದೆವು. ಟೊಮೆಟೊ ಬೆಲೆ ಬಿದ್ದ ವರ್ಷದಲ್ಲಿ ಉಳಿದ ದುಡ್ಡು ಎಷ್ಟು ಆಸರೆ ಎಂಬುದು ನನಗೆ ಗೊತ್ತು. ಹೂವಿನ ವ್ಯಾಪಾರವೂ ಅಂಥದ್ದೇ ಅಲ್ಲವೇ?

ಶಿಡ್ಲಘಟ್ಟದ ರೇಷ್ಮೆ ಮನೆ

ಚಿಂತಾಮಣಿಯ ಅಣ್ಣ ಹೇಳಿದ್ದರಲ್ಲಿ ದುಡ್ಡಿನ ಮಾತು ಸರಿ. ಸಾಲ ಮಾಡಿ ಹೋಗುವುದಾಗಿದ್ದರೆ ನಾನೂ ಬೇಡವೆನ್ನುತ್ತಿದ್ದೆ. ಆದರೆ ಒಬ್ಬ ಮನುಷ್ಯ ಹತ್ತು ವರ್ಷ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ವರ್ಷ ದುಡ್ಡು ಕೂಡಿಸಿದ್ದಾರೆ. ಹೋಗಿ. ಮಕ್ಕಳನ್ನು ಕರೆದುಕೊಂಡೇ ಹೋಗಿ.

ನಮ್ಮದು ನೂಲು ಬಿಚ್ಚುವ ಮನೆ. ವ್ಯಾಪಾರದ ನೆಪದಲ್ಲಿ ಎರಡು ಸಲ ಮುಂಬಯಿಯಲ್ಲಿ ಮಕ್ಕಳೊಂದಿಗೆ ಉಳಿದಿದ್ದೇನೆ. ಮೊದಲ ಸಲ ಮಗನಿಗೆ ನಾಲ್ಕು ವರ್ಷ, ಮಗಳು ಇನ್ನೂ ಎದೆಹಾಲು ಕುಡಿಯುವ ಕೂಸು. ಆಗ ಯಾರೂ ನನಗೆ ಹೇಳದೆ ಇದ್ದ ಒಂದು ವಿಷಯವನ್ನು ನಿಮಗೆ ಹೇಳಿಬಿಡುತ್ತೇನೆ, ಬೇರೆಲ್ಲ ಆಮೇಲೆ.

ದಕ್ಷಿಣ ಮುಂಬಯಿಗೆ ನೀರಿನಂಚು ಎರಡು. ಮರೈನ್ ಡ್ರೈವ್ ಇರುವುದು ಪಶ್ಚಿಮಕ್ಕೆ. ಗೇಟ್‌ವೇ ಇರುವುದು ಪೂರ್ವಕ್ಕೆ, ಬಂದರಿನ ಕಡೆಗೆ. ದೊಡ್ಡವರಿಗೆ ಮರೈನ್ ಡ್ರೈವ್ ಚೆನ್ನ. ಸಂಜೆ ಸೂರ್ಯ ಇಳಿಯುವುದು, ಆಮೇಲೆ ಕಮಾನಿನಂತೆ ಬಾಗಿದ ದೀಪದ ಸಾಲು, ಎಲ್ಲವೂ ಅಲ್ಲಿದೆ. ಆದರೆ ಸಂಜೆ ಆರೂವರೆಗೆ ಎಳೆಯ ಮಕ್ಕಳು ಯಾವ ಸ್ಥಿತಿಯಲ್ಲಿರುತ್ತಾರೆ? ನಿದ್ದೆಗಣ್ಣು, ರಂಪ, ಊಟದ ಗಲಾಟೆ. ಮೊದಲ ಸಲ ನಾವು ಉಳಿದದ್ದು ಆ ಕಡೆಗೆ. ಬೆಳಿಗ್ಗೆ ಐದೂವರೆಗೆ ಮಗ ಎದ್ದು ಕೂತ. ಕಿಟಕಿಯಾಚೆ ಬೂದು ಬಣ್ಣದ ನೀರು, ಅದರ ಮೇಲೆ ಒಂದು ದೋಣಿಯೂ ಇಲ್ಲ. ಕೆಳಗೆ ಕಾರುಗಳು, ಅಷ್ಟೇ. ಅವನು ಹತ್ತು ನಿಮಿಷದಲ್ಲಿ ಬೇಸರಗೊಂಡು ತಂಗಿಯನ್ನು ಎಬ್ಬಿಸಿದ.

ಎರಡನೆಯ ಸಲ ಬಂದರಿನ ಕಡೆಯ ಕೋಣೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಮೂಡುವುದು ಏಳು ಗಂಟೆಯ ಸುಮಾರಿಗೆ, ಅದೂ ನೀರಿನ ಕಡೆಯಿಂದಲೇ. ಅಷ್ಟು ಹೊತ್ತಿಗೆ ಮಕ್ಕಳು ಎದ್ದು, ಹಾಲು ಕುಡಿದು, ಹೊಟ್ಟೆ ತಣ್ಣಗಾಗಿ ಗೆಲುವಾಗಿರುತ್ತಾರೆ. ಕತ್ತಲಲ್ಲಿ ಮೊದಲು ಲಂಗರು ಹಾಕಿದ ಹಡಗುಗಳ ದೀಪ ಮಾತ್ರ ಕಾಣುತ್ತದೆ. ಬೆಳಕಾದಂತೆ ದೀಪದ ಕೆಳಗೆ ಹಡಗು ಮೂಡುತ್ತದೆ. ಆಮೇಲೆ ಮಾಂಡವಾಕ್ಕೆ, ಎಲಿಫೆಂಟಾಕ್ಕೆ ಹೋಗುವ ದೋಣಿಗಳು ಒಂದೊಂದಾಗಿ ಗೇಟ್‌ವೇ ಪಕ್ಕದ ಮೆಟ್ಟಿಲಿಗೆ ಬಂದು ನಿಲ್ಲುತ್ತವೆ. ನನ್ನ ಮಗ ಗಾಜಿಗೆ ಹಣೆ ಒತ್ತಿ ನಿಂತಿದ್ದ. ಅವನ ಉಸಿರಿಗೆ ಗಾಜು ಮಂಜಾಗುತ್ತಿತ್ತು. ಅಂಗೈಯಿಂದ ಒರೆಸುವುದು, ನೋಡುವುದು, ಮತ್ತೆ ಒರೆಸುವುದು. ಒಂದೂವರೆ ಗಂಟೆ ಅಲ್ಲಿಂದ ಕದಲಲಿಲ್ಲ. ಮನೆಯಲ್ಲಿ ಮೊಬೈಲ್ ಕೊಡದೆ ಒಂದೂವರೆ ನಿಮಿಷ ಕೂರದ ಹುಡುಗ ಅವನು.

ಹಾಗಾಗಿ ನೀವು ಆರಿಸಿಕೊಂಡಿರುವ ಕಡೆ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಆ ಹೋಟೆಲಿನಲ್ಲೂ ಎಲ್ಲ ಕೋಣೆಗಳೂ ನೀರಿಗೆ ಮುಖ ಮಾಡಿಲ್ಲ. 1903ರಲ್ಲಿ ತೆರೆದ ಹಳೆಯ ಕಟ್ಟಡ ಒಂದು, ಅದರ ಪಕ್ಕದಲ್ಲಿ ಎಪ್ಪತ್ತರ ದಶಕದಲ್ಲಿ ಎದ್ದ ಟವರ್ ಇನ್ನೊಂದು. ಎರಡರಲ್ಲೂ ಊರಿನ ಕಡೆಯ ಕೋಣೆಗಳಿವೆ, ಕಡಲ ಕಡೆಯವೂ ಇವೆ. ದುಡ್ಡು ಉಳಿಸಬೇಕೆಂದರೆ ಎರಡು ರಾತ್ರಿಯನ್ನು ಒಂದು ಮಾಡಿ, ಕಡಲ ಕಡೆಯ ಕೋಣೆಯನ್ನು ಮಾತ್ರ ಬಿಡಬೇಡಿ. ಊರಿನ ಕಡೆಯ ಕೋಣೆಯಲ್ಲಿ ಎಷ್ಟೇ ಮೆತ್ತನೆಯ ಹಾಸಿಗೆಯಿದ್ದರೂ ಮಕ್ಕಳಿಗೆ ಅದು ನಾಲ್ಕು ಗೋಡೆಯೇ. ನಾನು ಮೊದಲ ಸಲ ಉಳಿದ ಹೋಟೆಲಿನವರು ಕಡಲು ಕಾಣುವ ಕೋಣೆ ಎಂದು ದುಡ್ಡು ಪಡೆದು, ಕಿಟಕಿಯ ಮೂಲೆಗೆ ಕೆನ್ನೆ ಒತ್ತಿದರೆ ಮಾತ್ರ ನೀರು ಕಾಣುವ ಕೋಣೆಯನ್ನು ಕೊಟ್ಟರು. ಮಗುವನ್ನು ಎತ್ತಿಕೊಂಡು ಕೌಂಟರಿನಲ್ಲಿ ಒಂದು ಗಂಟೆ ವಾದ ಮಾಡಿದ ಮೇಲೆ ಬದಲಾಯಿತು. ಆ ಒಂದು ಗಂಟೆ ನನಗೆ ಇಂದಿಗೂ ಉರಿಯುತ್ತದೆ. ಆದ್ದರಿಂದ ಕಡಲಿಗೆ ನೇರ ಮುಖವಿರುವ ಕೋಣೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮಗುವಿಗೆ ತೊಟ್ಟಿಲಿನಂಥ ಮಂಚ, ಮಕ್ಕಳಿಗೆ ಬೆಳಗಿನ ತಿಂಡಿಯ ಲೆಕ್ಕ, ಎಷ್ಟು ಗಂಟೆಗೆ ಕೋಣೆ ಕೈಗೆ ಸಿಗುತ್ತದೆ ಎಂಬುದನ್ನೂ ಅದರಲ್ಲೇ ಕೇಳಿಬಿಡಿ.

ಊಟದ ಚಿಂತೆ ಬೇಡ. ಹುರಿದು ಬೀಸಿದ ರಾಗಿ ಸರಿ ಹಿಟ್ಟನ್ನು ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಅಡುಗೆಮನೆಗೆ ಕೊಟ್ಟು, ಹೇಗೆ ಕಾಯಿಸಬೇಕೆಂದು ಹೇಳಿ. ನನಗೆ ಮೊದಲು ಸಂಕೋಚವಾಗಿತ್ತು. ಎರಡನೆಯ ಸಲದ ಅಡುಗೆಯವರು ಗಂಟಿಲ್ಲದೆ, ನಾನು ಮಾಡುವುದಕ್ಕಿಂತ ನಯವಾಗಿ ಮಾಡಿ ಕಳಿಸಿದರು. ದೊಡ್ಡವಳಿಗೆ ಹೆಸರುಬೇಳೆ ಖಿಚಡಿ ಕೇಳಿ, ಖಾರವಿಲ್ಲದೆ ಮಾಡಿಕೊಡುತ್ತಾರೆ. ಮಗು ಅತ್ತರೆ ಅಳಲಿ. ದೊಡ್ಡ ಹೋಟೆಲಿಗೆ ಬರುವವರಿಗೂ ಮಕ್ಕಳಿವೆ.

ಎಲಿಫೆಂಟಾ ಈ ಸಲ ಬೇಡ. ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಅಲ್ಲಿ ನೂರಕ್ಕೂ ಹೆಚ್ಚು ಮೆಟ್ಟಿಲು, ಬಿಸಿಲು, ಕೈಯಲ್ಲಿರುವ ತಿಂಡಿಗೆ ಎಗರುವ ಕೋತಿಗಳು. ಸೋಮವಾರ ಗುಹೆಗಳಿಗೆ ರಜೆ ಬೇರೆ. ಬದಲಿಗೆ ನಡಿಗೆಯ ದೂರದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋಗಿ. ಅದರ ಆವರಣದಲ್ಲಿ ಮಕ್ಕಳಿಗೆಂದೇ ಬೇರೆ ವಸ್ತು ಸಂಗ್ರಹಾಲಯವಿದೆ, ಓಡಾಡಲು ಮರದ ನೆರಳಿದೆ. ಗೇಟ್‌ವೇ ಮುಂದೆ ನಿಂತಾಗ ಮಗಳಿಗೆ ಒಂದು ಪ್ರಶ್ನೆ ಕೇಳಿ: ಈ ಎರಡರಲ್ಲಿ ಯಾವುದು ಹಳೆಯದು? ಎಲ್ಲರೂ ಕಮಾನನ್ನೇ ತೋರಿಸುತ್ತಾರೆ. ಕಮಾನು ಪೂರ್ತಿಯಾದದ್ದು 1924ರಲ್ಲಿ, ಹೋಟೆಲು ತೆರೆದು ಇಪ್ಪತ್ತು ವರ್ಷ ಕಳೆದ ಮೇಲೆ. ನನ್ನ ಮಗ ಈಗಲೂ ಮನೆಗೆ ಬಂದ ನೆಂಟರಿಗೆಲ್ಲ ಇದನ್ನು ಕೇಳುತ್ತಾನೆ.

ವಾಪಸಂದ್ರದ ಅಮ್ಮ

ಅಕ್ಕ, ಓದಿ ಕಣ್ಣು ತುಂಬಿತು. ಇವರಿಗೂ ಓದಿ ಹೇಳಿದೆ. ಒಂದೇ ರಾತ್ರಿ, ಕಡಲ ಕಡೆಗೆ ಎಂದು ಇಬ್ಬರೂ ಒಪ್ಪಿದೆವು. ಉಳಿದ ದುಡ್ಡು ಚಿಂತಾಮಣಿಯ ಅಣ್ಣ ಹೇಳಿದಂತೆ ಇರಲಿ. ಆದರೆ ಕಿಟಕಿ, ಸ್ನಾನದ ತೊಟ್ಟಿ, ಈಜುಕೊಳ ನೆನೆದರೆ ಎದೆ ನಡುಗುತ್ತದೆ. ದೋಣಿಯಲ್ಲಿ ಒಂದು ಸಣ್ಣ ಸುತ್ತು ಹೋಗಬಹುದೇ?

ಗೌರಿಬಿದನೂರಿನ ನರ್ಸಮ್ಮ

ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು, ನಾನು ಹೇಳುವುದೂ ಅಷ್ಟಕ್ಕೇ ಸೀಮಿತ. ಕೋಣೆಗೆ ಹೋದ ತಕ್ಷಣ ಚೀಲ ಬಿಚ್ಚುವ ಮೊದಲು ನೆಲದ ಮೇಲೆ ಕೂತು, ಚಿಕ್ಕವನ ಎತ್ತರದಿಂದ ಸುತ್ತಲೂ ನೋಡಿ. ನೀರು ಕಾಯಿಸುವ ಕೆಟಲಿನ ವೈರು ಮೇಜಿನಿಂದ ಇಳಿಬಿದ್ದಿದ್ದರೆ ಅದನ್ನು ಎತ್ತಿ ಬೀರುವಿನೊಳಗೆ ಇಡಿ. ಕಿಟಕಿ ತೆರೆಯುತ್ತದೆಯೇ ನೋಡಿ, ತೆರೆದರೆ ಬೀಗ ಹಾಕಿಸಿ. ಕಿಟಕಿಯ ಕೆಳಗೆ ಕುರ್ಚಿ ಇರಬಾರದು. ದೊಡ್ಡ ಹೋಟೆಲುಗಳಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಸುಡುವ ನೀರು ಬರಬಹುದು. ಮೊದಲು ತಣ್ಣೀರು ಬಿಟ್ಟು, ಮೊಣಕೈ ಅದ್ದಿ ನೋಡಿ. ಸ್ನಾನದ ಮನೆಯ ಬಾಗಿಲು ಸದಾ ಮುಚ್ಚಿರಲಿ.

ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಈಜುಕೊಳದ ಹತ್ತಿರ ನಿಮ್ಮಿಬ್ಬರಲ್ಲಿ ಒಬ್ಬರು ಚಿಕ್ಕವನನ್ನು ಕೈಯಳತೆಯಲ್ಲೇ ಇಟ್ಟುಕೊಂಡಿರಬೇಕು, ಫೋನು ಚೀಲದಲ್ಲಿರಬೇಕು. "ನೀನು ನೋಡುತ್ತಿದ್ದೀಯ ಎಂದುಕೊಂಡೆ" ಎಂಬ ಮಾತನ್ನು ನಾನು ತಂದೆತಾಯಿಯರ ಬಾಯಲ್ಲಿ ಕೇಳಿದ್ದೇನೆ. ಇನ್ನೊಮ್ಮೆ ಕೇಳುವ ಶಕ್ತಿ ನನಗಿಲ್ಲ.

ದೋಣಿಯ ವಿಷಯ: 2024ರ ಡಿಸೆಂಬರ್‌ನಲ್ಲಿ ಎಲಿಫೆಂಟಾಕ್ಕೆ ಹೊರಟಿದ್ದ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ ಕೈಗೆ ಕೊಟ್ಟರೆ ಹತ್ತಿ, ದೊಡ್ಡವರದನ್ನೇ ಸುತ್ತಿಕೊಳ್ಳಿ ಎಂದರೆ ಇಳಿದು ಬನ್ನಿ. ವಿಮಾನ ಏರುವಾಗ ಮತ್ತು ಇಳಿಯುವಾಗ ಚಿಕ್ಕವನಿಗೆ ಹಾಲು ಕುಡಿಸುತ್ತಿರಿ, ಕಿವಿ ನೋಯುವುದಿಲ್ಲ. ಅವನ ಜನನ ಪ್ರಮಾಣಪತ್ರ ಜೊತೆಗಿರಲಿ, ಎರಡು ವರ್ಷದೊಳಗಿನ ಮಗುವಿಗೆ ವಿಮಾನದವರು ಕೇಳುತ್ತಾರೆ. ಎಸಿಗೆ ಕುಲಾವಿ ಮರೆಯಬೇಡಿ.

ವಾಪಸಂದ್ರದ ಅಮ್ಮ

ಹೋಗಿ ಬಂದೆವು. ನಿನ್ನೆ ರಾತ್ರಿ ಮನೆ ಸೇರಿದೆವು.

ಕೋಣೆ ಬರಹದಲ್ಲಿದ್ದಂತೆಯೇ ಸಿಕ್ಕಿತು. ಬರಹವಿಲ್ಲದಿದ್ದರೆ ಕೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಯಜಮಾನರು ನೆಲದ ಮೇಲೆ ಕೂತು ಕೋಣೆಯನ್ನೆಲ್ಲ ನೋಡಿದರು, ವೈರನ್ನು ಅವರೇ ಎತ್ತಿಟ್ಟರು. ಈಜುಕೊಳಕ್ಕೆ ದೊಡ್ಡವಳನ್ನು ಮಾತ್ರ ಇಳಿಸಿದೆವು, ಅವರು ಕೈ ಬಿಡಲಿಲ್ಲ. ದೋಣಿಯಲ್ಲಿ ಮಕ್ಕಳ ಜಾಕೆಟ್ ಇರಲಿಲ್ಲ, ಹತ್ತಲಿಲ್ಲ. ಮಗಳು ಅತ್ತಳು. ಪಾರಿವಾಳ ನೋಡಿ ಸುಮ್ಮನಾದಳು. ಚಿಕ್ಕವನು ರಾತ್ರಿ ಎರಡು ಗಂಟೆಗೆ ಎದ್ದು ಅರ್ಧ ಗಂಟೆ ಅತ್ತ. ಯಾರೂ ಬಾಗಿಲು ತಟ್ಟಲಿಲ್ಲ.

ಬೆಳಿಗ್ಗೆ ಆರಕ್ಕೆ ಮಗಳನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತೆ. ಇನ್ನೂ ಕತ್ತಲಿತ್ತು. ದೀಪಗಳನ್ನು ಎಣಿಸಿದಳು, ಹದಿನಾಲ್ಕು. ಬೆಳಕು ಹರಿದು ನೀರು ಪೂರ್ತಿ ಕಂಡಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಮ್ಮ, ಇದರ ಏರಿ ಎಲ್ಲಿದೆ?" ಎಂದಳು. ಇದಕ್ಕೆ ಏರಿ ಇಲ್ಲ ಎಂದೆ. "ಹಾಗಾದರೆ ಯಾರು ತುಂಬಿಸುತ್ತಾರೆ?" ಎಂದಳು. ನಮ್ಮ ಬೀದಿಗೆ ಟ್ಯಾಂಕರ್ ಬರುವುದನ್ನು ನೋಡುತ್ತಾ ಬೆಳೆದ ಮಗು. ನನಗೆ ಉತ್ತರ ಹೊಳೆಯಲಿಲ್ಲ. ಹಿಂದೆ ಇವರು ಚಿಕ್ಕವನನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದರು. "ನದಿಗಳು" ಎಂದರು. ನದಿ ಎಂದರೆ ಏನೆಂದು ಅವಳಿಗೆ ಹೇಳುವುದರಲ್ಲಿ ತಿಂಡಿಯ ಹೊತ್ತಾಯಿತು.

ಶಿಡ್ಲಘಟ್ಟದ ಅಕ್ಕ, ರಾಗಿ ಸರಿ ಅಲ್ಲಿಯೂ ಗಂಟಿಲ್ಲದೆ ಬಂತು. ಅಡುಗೆಮನೆಯವರು ಹಿಟ್ಟನ್ನು ಹೇಗೆ ಮಾಡುವುದೆಂದು ಕೇಳಿದರು. ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹುರಿದು ಬೀಸುವುದನ್ನು ಹೇಳಿಕೊಟ್ಟು, ಉಳಿದ ಡಬ್ಬಿಯನ್ನು ಅವರಿಗೇ ಕೊಟ್ಟು ಬಂದೆ.